ಡೇಟಾಬೇಸಿಗೊಂದು ಕನ್ನಡ ಪರೀಕ್ಷೆ



ಮಳೆ ಮತ್ತು ಮಹಡಿ. ನಿಘಂಟು ತೆರೆದರೆ ಇವೆರಡರಲ್ಲಿ ಯಾವುದು ಮೊದಲು ಸಿಗಬೇಕು? ವರ್ಣಮಾಲೆ ಬಾಯಿಪಾಠ ಮಾಡಿದ ಯಾರಿಗೂ ಇದು ಕಷ್ಟದ ಪ್ರಶ್ನೆಯಲ್ಲ. ಯ ರ ಲ ವ ಶ ಷ ಸ ಹ ಳ – ಹಕಾರ ಮುಗಿದ ಮೇಲೆ ಳಕಾರ. ಹಾಗಾಗಿ ಮಹಡಿ ಮೊದಲು, ಮಳೆ ಆಮೇಲೆ. ಇದೇ ಎರಡು ಪದಗಳನ್ನು ಒಂದು ಡೇಟಾಬೇಸಿಗೆ ಹಾಕಿ, ಭಾಷೆ ಯಾವುದೆಂದು ಹೇಳದೆ ‘ಕ್ರಮವಾಗಿ ಜೋಡಿಸು’ ಎಂದು ಕೇಳಿ ನೋಡಿ. ಎಷ್ಟೋ ಸಲ ಮಳೆಯೇ ಮೊದಲು ಬರುತ್ತದೆ.

ಕಾರಣ ಸರಳ. ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಅಕ್ಷರಕ್ಕೆ ಕೊಟ್ಟ ಸಂಖ್ಯೆ ಮಾತ್ರ ಗೊತ್ತು. ಯೂನಿಕೋಡ್ ಕನ್ನಡಕ್ಕೆ 3200ರಿಂದ 3327ರವರೆಗೆ, ಒಟ್ಟು 128 ಸ್ಥಾನಗಳನ್ನು ಮೀಸಲಿಟ್ಟಿದೆ. ಅದರಲ್ಲಿ ಲಕಾರಕ್ಕೆ 3250, ಅದರ ಮಗ್ಗುಲಲ್ಲೇ ಳಕಾರಕ್ಕೆ 3251, ವಕಾರಕ್ಕೆ 3253, ಹಕಾರಕ್ಕೆ 3257. ಈ ಜೋಡಣೆ ಬಂದದ್ದು ಇಸ್ಕಿ ಎಂಬ ಭಾರತೀಯ ಮಾನಕದಿಂದ. ದೇವನಾಗರಿ, ತೆಲುಗು, ಕನ್ನಡ, ಮಲಯಾಳಂ ಎಲ್ಲಕ್ಕೂ ಒಂದೇ ಚೌಕಟ್ಟು ಇರಲಿ, ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಿಸುವುದು ಸುಲಭವಾಗಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಆ ಸಂಖ್ಯೆಗಳು ಅಕ್ಷರವನ್ನು ಗುರುತಿಸುವುದಕ್ಕೆ ಇವೆಯೇ ಹೊರತು ಅಕಾರಾದಿಗಾಗಿ ಅಲ್ಲ. ಆದರೆ ಬೇರೆ ಸೂಚನೆ ಇಲ್ಲದಿದ್ದಾಗ ಯಂತ್ರ ಸಂಖ್ಯೆಯನ್ನೇ ಕ್ರಮ ಎಂದು ತಿಳಿಯುತ್ತದೆ.

ಡೇಟಾಬೇಸುಗಳನ್ನು ಪರೀಕ್ಷಿಸುವುದು ನನ್ನ ವೃತ್ತಿ. ಒಂದು ಭಾಷೆಯ ಪಠ್ಯವನ್ನು ಡೇಟಾಬೇಸ್ ಸರಿಯಾಗಿ ಜೋಡಿಸುತ್ತದೆಯೇ, ಹುಡುಕುತ್ತದೆಯೇ, ಎಣಿಸುತ್ತದೆಯೇ ಎಂದು ನೋಡುವ ಪರೀಕ್ಷೆಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಇದು ಎಂಜಿನಿಯರುಗಳ ಒಳಮನೆಯ ವಿಚಾರ ಎಂದು ದಯವಿಟ್ಟು ರೇಡಿಯೊ ಆರಿಸಬೇಡಿ. ಕರ್ನಾಟಕದಲ್ಲಿ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಈ ಶತಮಾನದ ಆರಂಭದಲ್ಲೇ ಕಂಪ್ಯೂಟರಿಗೆ ಬಂದವು. ಮತದಾರರ ಪಟ್ಟಿ, ಪಡಿತರ ಚೀಟಿ, ಗ್ರಂಥಾಲಯದ ಸೂಚಿ ಎಲ್ಲವೂ ಈಗ ಡೇಟಾಬೇಸಿನ ಒಳಗಿವೆ. ನಿಮ್ಮ ಹೆಸರು ಅಲ್ಲಿ ಇದ್ದೂ ಸಿಗುವುದಿಲ್ಲ ಎಂದಾದರೆ ಅದು ನಿಮ್ಮ ವಿಚಾರವೇ.

ಯಾವ ಭಾಷೆಯಲ್ಲಿ ಯಾವ ಅಕ್ಷರದ ನಂತರ ಯಾವುದು ಎಂಬ ನಿಯಮಾವಳಿಯನ್ನು ನಮ್ಮ ಕಸುಬಿನಲ್ಲಿ ಕೊಲೇಷನ್ ಎನ್ನುತ್ತೇವೆ. ಯೂನಿಕೋಡ್ ಒಕ್ಕೂಟ ಪ್ರಪಂಚದ ಭಾಷೆಗಳ ಇಂಥ ನಿಯಮಗಳನ್ನು ಸಿಎಲ್‌ಡಿಆರ್ ಎಂಬ ಭಂಡಾರದಲ್ಲಿ ಕೂಡಿಟ್ಟಿದೆ. ಕನ್ನಡದ್ದೂ ಅಲ್ಲಿದೆ. ಅದನ್ನು ಓದಿಕೊಂಡು ಕೆಲಸ ಮಾಡುವ ತಂತ್ರಾಂಶ ಭಂಡಾರದ ಹೆಸರು ಐಸಿಯು. ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಐಸಿಯು ಬೆಂಬಲ ಬಂದದ್ದು 2017ರ 10ನೇ ಆವೃತ್ತಿಯಲ್ಲಿ. ಅಲ್ಲಿಗೆ ಮುಗಿಯಿತಲ್ಲ, ಕನ್ನಡದ ನಿಯಮ ಇದೆ, ಅದನ್ನು ನಡೆಸುವ ಯಂತ್ರವೂ ಇದೆ ಎನ್ನಬಹುದು. ನಿಯಮ ಇರುವುದು ಬೇರೆ, ಅದು ನಮ್ಮ ಕಚೇರಿಯ ನಮ್ಮ ಕಾಲಂನಲ್ಲಿ ನಿಜಕ್ಕೂ ನಡೆಯುತ್ತಿದೆ ಎಂದು ತೋರಿಸುವುದು ಬೇರೆ. ತೋರಿಸುವ ಕೆಲಸ ಪರೀಕ್ಷೆಯದು.

ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ. ಬಕಾರದ ಕೆಲವು ಊರುಗಳನ್ನು ತೆಗೆದುಕೊಳ್ಳಿ: ಬಂಟ್ವಾಳ, ಬಾದಾಮಿ, ಬೀದರ್. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೂ, ಕನ್ನಡದ ಕ್ರಮದಲ್ಲಿ ಜೋಡಿಸಿದರೂ ಈ ಮೂರು ಇದೇ ವರಸೆಯಲ್ಲಿ ಬರುತ್ತವೆ. ಈ ಪಟ್ಟಿಯನ್ನು ಕೊಟ್ಟು ‘ಕನ್ನಡ ಪಾಸಾಯಿತು’ ಎಂದು ಬರೆದರೆ ಏನನ್ನೂ ಪರೀಕ್ಷಿಸಿದ ಹಾಗಾಗಲಿಲ್ಲ. ಇದಕ್ಕೆ ಬಸವಕಲ್ಯಾಣ ಮತ್ತು ಬಳ್ಳಾರಿಯನ್ನು ಸೇರಿಸಿ. ಈಗ ಸರಿಯಾದ ವರಸೆ: ಬಂಟ್ವಾಳ, ಬಸವಕಲ್ಯಾಣ, ಬಳ್ಳಾರಿ, ಬಾದಾಮಿ, ಬೀದರ್. ಸಂಖ್ಯೆಯ ವರಸೆಯಲ್ಲಾದರೆ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೇಲೆ ಬರುತ್ತದೆ. ಐದು ಊರುಗಳಲ್ಲಿ ಒಂದೇ ಒಂದು ಜಾಗ ಬದಲಿಸುತ್ತದೆ, ಆ ಒಂದೇ ನಮಗೆ ಸುದ್ದಿ ಕೊಡುತ್ತದೆ. ತಪ್ಪಿದ್ದರೆ ಫೇಲ್ ಆಗಬಲ್ಲ ಪರೀಕ್ಷೆ ಮಾತ್ರ ಪರೀಕ್ಷೆ. ಇಂಥ ಪದಗಳನ್ನು ಆರಿಸಲು ತಂತ್ರಜ್ಞಾನ ಬೇಕಿಲ್ಲ, ಕನ್ನಡ ಗೊತ್ತಿರಬೇಕು.

ಬೇರೆ ಭಾಷೆಯವರು ಇದನ್ನು ಚೆನ್ನಾಗಿ ಮಾಡಿದ್ದಾರೆ. ಪೋಸ್ಟ್‌ಗ್ರೆಸ್‌ನ ಆಕರದ ಜೊತೆಗೇ ಬರುವ ಕೊಲೇಷನ್ ಪರೀಕ್ಷಾ ಕಡತವೊಂದಿದೆ. ಯಾರು ಬೇಕಾದರೂ ಓದಬಹುದು. ಅದರಲ್ಲಿ ಗೋಲ್ಡ್‌ಮನ್ ಮತ್ತು ಗ್ಯೋಟ್ಸ್ ಎಂಬ ಎರಡು ಜರ್ಮನ್ ಮನೆತನದ ಹೆಸರುಗಳನ್ನು ಹೋಲಿಸಿದ್ದಾರೆ. ಮಾಮೂಲು ಜರ್ಮನ್ ಕ್ರಮದಲ್ಲಿ ಗೋಲ್ಡ್‌ಮನ್ ಮೊದಲು. ಟೆಲಿಫೋನ್ ಡೈರೆಕ್ಟರಿಯ ಕ್ರಮದಲ್ಲಿ ಗ್ಯೋಟ್ಸ್ ಮೊದಲು. ಯಾಕೆಂದರೆ ಎರಡು ಚುಕ್ಕಿಯ ‘ಓ’ ಅಕ್ಷರವನ್ನು ಡೈರೆಕ್ಟರಿಯಲ್ಲಿ ‘ಓ’ ಮತ್ತು ‘ಇ’ ಎಂಬ ಎರಡು ಅಕ್ಷರಗಳೆಂದು ಎಣಿಸುವ ವಾಡಿಕೆ ಜರ್ಮನಿಯಲ್ಲಿದೆ. ಎರಡೂ ಉತ್ತರ ಸರಿ ಎಂದು ಆ ಪರೀಕ್ಷೆ ಒಂದೇ ಸಾಲಿನಲ್ಲಿ ದಾಖಲಿಸುತ್ತದೆ. ಅದೇ ಕಡತದಲ್ಲಿ ಸ್ವೀಡನ್ನಿನ ಕ್ರಮವಿದೆ. ಚುಕ್ಕಿ ಇರುವ ‘ಐ’, ಚುಕ್ಕಿ ಇಲ್ಲದ ‘ಐ’ ಬೇರೆ ಬೇರೆ ಅಕ್ಷರಗಳಾಗಿರುವ ಟರ್ಕಿ ಭಾಷೆಗೆ ಪ್ರತ್ಯೇಕ ಸಾಲುಗಳಿವೆ. ಕನ್ನಡದ ಸಾಲು ಒಂದೂ ಇಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಆ ಕಡತಕ್ಕೆ ಕಾವಲಿಲ್ಲ, ಪರೀಕ್ಷೆ ಬರೆದು ಕಳುಹಿಸಿದರೆ ಪರಿಶೀಲಿಸುವ ಜನರಿದ್ದಾರೆ. ನಾವು ಬರೆದು ಕಳುಹಿಸಿಲ್ಲ.

ಜರ್ಮನರ ಈ ಇಕ್ಕಟ್ಟು ನಮಗೂ ಇದೆ. ಶಾಲೆಯಲ್ಲಿ ಕಾಗುಣಿತ ಹೇಳುವಾಗ ಕ ಕಾ ಕಿ ಕೀ ಎಂದು ಶುರುಮಾಡಿ ಕೌ ಆದ ಮೇಲೆ, ಕೊನೆಗೆ ಕಂ ಕಃ ಹೇಳುತ್ತೇವೆ. ಆದರೆ ಇಂದಿನ ನಿಘಂಟಿನಲ್ಲಿ ಕಂಚು ಮೊದಲು, ಕಟ್ಟು ಆಮೇಲೆ, ಕಾಗೆ ಅದರ ನಂತರ. ಕಾಗುಣಿತದ ಲೆಕ್ಕ ಹಿಡಿದರೆ ಕಂಚು ಕಾಗೆಯನ್ನೂ ದಾಟಿ ಕಕಾರದ ಕೊನೆಯ ಕಡೆ ಹೋಗಬೇಕಿತ್ತು. ಕ್ಷ ಮತ್ತು ಜ್ಞ ಇನ್ನೊಂದು ಪ್ರಶ್ನೆ: ಕೆಲವು ಅಕ್ಷರಮಾಲೆ ಪಟಗಳಲ್ಲಿ ಅವನ್ನು ಳಕಾರದ ನಂತರ ಬರೆದಿರುತ್ತಾರೆ, ನಿಘಂಟಿನಲ್ಲಿ ಕ್ಷಮೆ ಕಕಾರದಡಿಯೇ ಸಿಗುತ್ತದೆ. ನನ್ನ ಮತ ಕೇಳಿದರೆ, ಪಟ್ಟಿ ಜೋಡಿಸುವ ಕೆಲಸಕ್ಕೆ ನಿಘಂಟಿನ ವರಸೆಯನ್ನೇ ಹಿಡಿಯಬೇಕು. ಹೆಸರು ಹುಡುಕುವವರ ಕಣ್ಣು ಅದಕ್ಕೆ ಒಗ್ಗಿದೆ. ಆದರೆ ಈ ತೀರ್ಮಾನವನ್ನು ಪರೀಕ್ಷೆ ನಡೆಸುವ ನನ್ನಂಥವರು ಒಬ್ಬರೇ ಕೂತು ಮಾಡಬಾರದು. ನಿಘಂಟುಕಾರರು, ಗ್ರಂಥಪಾಲಕರು, ಮೇಷ್ಟ್ರುಗಳು ಹೇಳಬೇಕು, ನಾವು ಪರೀಕ್ಷೆಯಾಗಿ ಬರೆಯಬೇಕು.

ಇನ್ನು ಹುಡುಕುವ ವಿಷಯ. ಇಲ್ಲಿ ತೊಂದರೆ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಸ್ವಲ್ಪ ನಿಧಾನಿಸಿ ಹೇಳುತ್ತೇನೆ.

ಕೋಲಾರ ಎಂದು ಬರೆಯಿರಿ. ಮೊದಲ ಅಕ್ಷರ ಕಕಾರಕ್ಕೆ ಓತ್ವ. ಯೂನಿಕೋಡಿನಲ್ಲಿ ಆ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಕೋಲಾರ. ಒಳಗೆ ಮಾತ್ರ ಮೊದಲನೆಯದು 5 ಸಂಕೇತ, 15 ಬೈಟು. ಎರಡನೆಯದು 7 ಸಂಕೇತ, 21 ಬೈಟು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಇಂಥ ತುಂಡು ರೂಪಗಳು ಸುಲಭವಾಗಿ ಒಳಗೆ ಸೇರಿಕೊಳ್ಳುತ್ತವೆ. ಆ ಫಾಂಟುಗಳು ಅಕ್ಷರವನ್ನು ಇಡುತ್ತಿದ್ದದ್ದೇ ತಲೆಕಟ್ಟು, ಕೊಂಬು, ದೀರ್ಘ ಎಂದು ಆಕಾರದ ಚೂರುಗಳಾಗಿ.

ಈಗ ಒಂದು ಪಟ್ಟಿಯಲ್ಲಿ ಎರಡು ಬಗೆಯ ಕೋಲಾರವೂ ಇದೆ ಎಂದುಕೊಳ್ಳಿ. ಜಿಲ್ಲಾವಾರು ಎಣಿಕೆ ಕೇಳಿದರೆ ಡೇಟಾಬೇಸ್ ಕೋಲಾರಕ್ಕೆ ಎರಡು ಸಾಲು ಕೊಡುತ್ತದೆ, ಒಂದರ ಕೆಳಗೊಂದು, ಅಕ್ಷರ ಅಕ್ಷರಕ್ಕೆ ಒಂದೇ ಥರ. ವರದಿ ಓದುವವರು ಮುದ್ರಣದೋಷ ಎಂದುಕೊಂಡು ಒಂದನ್ನು ಹೊಡೆದುಹಾಕಬಹುದು, ಅದರ ಜೊತೆ ಅಷ್ಟು ಜನರ ಲೆಕ್ಕವೂ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದ ಕೊಲೇಷನ್ ಹಾಕಿದರೂ ಇದು ತಾನಾಗಿ ಸರಿಹೋಗುವುದಿಲ್ಲ. ಜೋಡಿಸುವಾಗ ಎರಡನ್ನೂ ಅಕ್ಕಪಕ್ಕ ಇಡುತ್ತದೆ, ಆದರೆ ‘ಇವೆರಡೂ ಒಂದೇನಾ’ ಎಂದು ಕೇಳಿದರೆ ಬೈಟುಗಳನ್ನು ನೋಡಿ ‘ಅಲ್ಲ’ ಎನ್ನುತ್ತದೆ. ಒಂದೇ ಎಂದು ಹೇಳಬಲ್ಲ ಬೇರೆ ಬಗೆಯ ಕೊಲೇಷನ್ 2019ರ 12ನೇ ಆವೃತ್ತಿಯಲ್ಲಿ ಬಂತು. ಪಠ್ಯವನ್ನು ಒಂದೇ ರೂಪಕ್ಕೆ ತರುವ ಸೌಲಭ್ಯ 2020ರ 13ನೇ ಆವೃತ್ತಿಯಲ್ಲಿ ಬಂತು. ನನಗೆ ಎರಡನೆಯದೇ ಮೇಲು. ದತ್ತಾಂಶ ಒಳಗೆ ಬರುವ ಬಾಗಿಲಲ್ಲೇ ಅದನ್ನು ಒಂದು ರೂಪಕ್ಕೆ ತಂದುಬಿಟ್ಟರೆ ಮುಂದೆ ಹತ್ತು ಕಡೆ ಒದ್ದಾಡುವುದು ತಪ್ಪುತ್ತದೆ. ಆದರೆ ಬಾಗಿಲಲ್ಲಿ ತಂದೆವೋ ಇಲ್ಲವೋ ಎಂಬುದಕ್ಕೂ ಪರೀಕ್ಷೆ ಬೇಕು: ತುಂಡು ರೂಪದ ಕೋಲಾರವನ್ನು ಬೇಕೆಂದೇ ಒಳಗೆ ಕಳುಹಿಸಿ, ಹೊರಗೆ ತೆಗೆದಾಗ 5 ಸಂಕೇತ ಇದೆಯೇ ಎಂದು ಎಣಿಸಬೇಕು.

ಇದರ ತಿರುಗುಮುರುಗು ಸಮಸ್ಯೆ ರ‍್ಯಾಂಕ್ ಎಂಬಂಥ ಪದಗಳದ್ದು. ರಕಾರವನ್ನು ಪೂರ್ತಿಯಾಗಿ ಬರೆದು ಕೆಳಗೆ ಯಕಾರದ ಒತ್ತು ಕೊಡಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಹಾಕಬೇಕು. ಹಾಕದಿದ್ದರೆ ಕಾರ್ಯ ಎಂಬಲ್ಲಿ ಬರುವ ಹಾಗೆ ಅರ್ಕಾವೊತ್ತು ಮೂಡುತ್ತದೆ. ಒಬ್ಬರು ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಹಾಕದೆ. ನೋಟ ಬೇರೆ, ಪದ ಒಂದೇ. ಸಾಫ್ಟ್‌ವೇರ್ ಎಂದು ಬಿಡಿಸಿ ಬರೆಯಲು ಹಾಕುವ ಬೇರ್ಪಡಿಸುವ ಸಂಕೇತದ ಕಥೆಯೂ ಹೀಗೆಯೇ. ಯೂನಿಕೋಡಿನ ಸಾಮಾನ್ಯ ಹೋಲಿಕೆ ನಿಯಮದಲ್ಲಿ ಈ ಕಾಣದ ಸಂಕೇತಗಳಿಗೆ ತೂಕವಿಲ್ಲ, ಅವನ್ನು ಬಿಟ್ಟೇ ಹೋಲಿಸಬೇಕು. ನಮ್ಮ ಹುಡುಕಾಟ ಬಿಟ್ಟು ಹೋಲಿಸುತ್ತಿದೆಯೇ? ಪರೀಕ್ಷಿಸದೆ ಹೇಳಲಾಗದು.

ಎಲ್ಲವನ್ನೂ ‘ಒಂದೇ’ ಎನ್ನುವ ಉದಾರತೆಯೂ ಅಪಾಯವೇ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಒಂದು ಜನಪ್ರಿಯ ಕೊಲೇಷನ್, ಅಕ್ಷರದ ಮೇಲಿನ ಚಿಹ್ನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯುರೋಪಿನ ಭಾಷೆಗಳಿಗೆ ಅದು ಬಹುಮಟ್ಟಿಗೆ ಅನುಕೂಲ. ಜಪಾನಿಯಲ್ಲಿ ‘ಹಾ’ ಅಕ್ಷರದ ಮೇಲೆ ಸಣ್ಣ ಸೊನ್ನೆ ಇಟ್ಟರೆ ‘ಪಾ’ ಆಗುತ್ತದೆ. ಆ ಸೊನ್ನೆಯನ್ನು ಬಿಟ್ಟು ಹೋಲಿಸಿದ್ದರಿಂದ ತಾಯಿ ಎಂಬರ್ಥದ ಹಾಹಾ, ಅಪ್ಪ ಎಂಬರ್ಥದ ಪಾಪಾ ಎರಡೂ ಒಂದೇ ಎಂದಾಯಿತು. ಜಪಾನಿನ ಎಂಜಿನಿಯರುಗಳ ನಡುವೆ ಇದು ಹಾಹಾ–ಪಾಪಾ ಸಮಸ್ಯೆ ಎಂದೇ ಹೆಸರಾಗಿದೆ. ಮುಂದೆ 8ನೇ ಆವೃತ್ತಿಯಲ್ಲಿ ಜಪಾನಿಗೆಂದೇ ಪ್ರತ್ಯೇಕ ಕೊಲೇಷನ್ ಬಂತು. ಭಾಷೆ ಬಲ್ಲವರು ಗಟ್ಟಿಯಾಗಿ ಹೇಳಿದರೆ ತಂತ್ರಾಂಶ ಬದಲಾಗುತ್ತದೆ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ನಮ್ಮಲ್ಲಿ ಫ಼ ಮತ್ತು ಫ, ಜ಼ ಮತ್ತು ಜ ಹುಡುಕುವಾಗ ಒಂದೇ ಆಗಬಹುದು. ಪಂಪ ಎಂದು ಸೊನ್ನೆ ಇಟ್ಟು ಬರೆದದ್ದೂ ಪಮ್ಪ ಎಂದು ಒತ್ತಕ್ಷರವಾಗಿ ಬರೆದದ್ದೂ ಒಂದೇ ಆದರೆ ಹಳಗನ್ನಡ ಓದುವವರಿಗೆ ಉಪಕಾರ. ಆದರೆ ಲ, ಳ ಎಂದೂ ಒಂದಾಗಕೂಡದು.

ಪಠ್ಯದ ಒಳಗೆ ಪದ ಹುಡುಕುವಾಗ ಇನ್ನೊಂದು ಕಷ್ಟ. ಪದ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಂತ್ರ ಮೊದಲು ಕತ್ತರಿಸಿಕೊಳ್ಳಬೇಕು. ಸ್ವರಚಿಹ್ನೆಗಳು ಅಕ್ಷರದ ವರ್ಗಕ್ಕೆ ಸೇರುವುದಿಲ್ಲವಾದ್ದರಿಂದ ಅಲ್ಲಲ್ಲೇ ಪದ ತುಂಡಾಗುವ ಅಪಾಯವಿತ್ತು. ಪೋಸ್ಟ್‌ಗ್ರೆಸ್‌ನ ಆಕರದಲ್ಲಿ ಇದಕ್ಕಾಗಿಯೇ ಒಂದು ಪಟ್ಟಿ ಇದೆ: ‘ಇವು ಅಕ್ಷರಗಳಲ್ಲ, ಆದರೂ ಇಲ್ಲಿ ಪದ ಮುರಿಯಬೇಡ’. ದೇವನಾಗರಿ, ಬಂಗಾಳಿ, ತಮಿಳಿನ ಚಿಹ್ನೆಗಳ ಜೊತೆ ಕನ್ನಡದ ಅನುಸ್ವಾರ, ವಿಸರ್ಗ, ದೀರ್ಘಗಳು ಅದರಲ್ಲಿ ಒಂದೊಂದಾಗಿ ದಾಖಲಾಗಿವೆ. ಆ ಪಟ್ಟಿಯನ್ನು ಓದಿದಾಗ ನನಗೆ ಸಂತೋಷವಾಗುತ್ತದೆ. ಯಾರೋ ನಮ್ಮ ಚಿಹ್ನೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ. ಆದರೆ ಮನೆ ಎಂದು ಹುಡುಕಿದರೆ ಮನೆಯಲ್ಲಿ, ಮನೆಗೆ, ಮನೆಯಿಂದ ಸಿಗಬೇಕಲ್ಲ? ಪ್ರತ್ಯಯ ಕಳಚಿ ಮೂಲಪದ ಹಿಡಿಯುವ ನಿಯಮಗಳು ತಮಿಳಿಗೆ, ಹಿಂದಿಗೆ, ನೇಪಾಳಿಗೆ ಅದರಲ್ಲಿ ಬಂದಿವೆ. 2024ರ 17ನೇ ಆವೃತ್ತಿಯಲ್ಲೂ ಕನ್ನಡಕ್ಕೆ ಇರಲಿಲ್ಲ. ವ್ಯಾಕರಣ ಓದಿದ ವಿದ್ಯಾರ್ಥಿಗಳೂ ಕಂಪ್ಯೂಟರ್ ಓದಿದ ವಿದ್ಯಾರ್ಥಿಗಳೂ ಒಟ್ಟಿಗೆ ಕೂತರೆ ಮಾಡಬಹುದಾದ ಕೆಲಸ ಇದು.

ಉದ್ದದ ಲೆಕ್ಕವನ್ನು ಬೇಗ ಹೇಳಿ ಮುಗಿಸುತ್ತೇನೆ. ಶ್ರೀಕೃಷ್ಣಮೂರ್ತಿ – ನಮ್ಮ ಎಣಿಕೆಯಲ್ಲಿ 5 ಅಕ್ಷರ. ಯೂನಿಕೋಡಿನ ಎಣಿಕೆಯಲ್ಲಿ 15, ಬೈಟಿನಲ್ಲಿ 45. ಹೆಸರಿನ ಕಾಲಂಗೆ 40 ಬೈಟು ಮಿತಿ ಇಟ್ಟವರಿಗೆ ಅದು ಧಾರಾಳವಾಗಿ ಕಂಡಿರುತ್ತದೆ, ಇಂಗ್ಲಿಷಿಗೆ ಧಾರಾಳವೇ. ಈ ಐದಕ್ಷರದ ಹೆಸರಿಗೆ ಸಾಲದು. ಹೆಚ್ಚಾದದ್ದನ್ನು ಕತ್ತರಿಸಿಹಾಕುವ ವ್ಯವಸ್ಥೆಯಾದರೆ ಮೂರ್ತಿ ಹೋಗಿ ಮೂರ್ ಉಳಿಯುತ್ತದೆ. ಪರೀಕ್ಷೆಗೆ ರಾಮ, ಸೀತಾ ಎಂಬ ಹೆಸರುಗಳನ್ನೇ ಹಾಕುತ್ತಿದ್ದರೆ ಇದು ಎಂದಿಗೂ ಗೊತ್ತಾಗುವುದಿಲ್ಲ.

ಒಮ್ಮೆ ಪಾಸಾದ ಪರೀಕ್ಷೆಯನ್ನು ಪದೇಪದೇ ಯಾಕೆ ನಡೆಸಬೇಕು ಎಂದು ಕೇಳುವವರಿದ್ದಾರೆ. ಅವರಿಗೆ 2018ರ ಆಗಸ್ಟಿನ ಪ್ರಸಂಗ ಹೇಳಬೇಕು. ಲಿನಕ್ಸ್ ವ್ಯವಸ್ಥೆಗಳ ಬುನಾದಿಯಲ್ಲಿರುವ ಜಿಲಿಬ್‌ಸಿ ಎಂಬ ಭಂಡಾರದ 2.28ನೇ ಆವೃತ್ತಿ ಆಗ ಬಂತು. ಅದರಲ್ಲಿ ಜೋಡಣೆಯ ನಿಯಮಗಳನ್ನು ಹೊಸ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದಿಸಿದರು. ಅದಕ್ಕೆ ಮೊದಲು ‘11’ ಮುಂದೆ, ‘1-1’ ಹಿಂದೆ ಬರುತ್ತಿತ್ತು. ಆಮೇಲೆ ‘1-1’ ಮುಂದೆ, ‘11’ ಹಿಂದೆ. ಇಷ್ಟರಿಂದ ಏನಾಯಿತು? ಡೇಟಾಬೇಸಿನ ಇಂಡೆಕ್ಸ್ ಗ್ರಂಥಾಲಯದ ಹಳೆಯ ಕಾರ್ಡು ಪೆಟ್ಟಿಗೆಯಂತೆ, ಕಾರ್ಡುಗಳು ಕ್ರಮದಲ್ಲಿವೆ ಎಂಬ ನಂಬಿಕೆಯ ಮೇಲೆ ಹುಡುಕಾಟ ನಡೆಯುತ್ತದೆ. ಹಳೆಯ ಕ್ರಮದಲ್ಲಿ ಜೋಡಿಸಿದ ಕಾರ್ಡುಗಳನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ಇರುವ ಕಾರ್ಡು ಇಲ್ಲ ಎನಿಸುತ್ತದೆ. ಇಲ್ಲವೆಂದುಕೊಂಡು ಅದೇ ದಾಖಲೆಯನ್ನು ಮತ್ತೊಮ್ಮೆ ಸೇರಿಸಲೂ ಬಿಡುತ್ತದೆ. ಡೇಟಾಬೇಸನ್ನು ಯಾರೂ ಮುಟ್ಟಿರಲಿಲ್ಲ, ಕೆಳಗಿನ ಆಪರೇಟಿಂಗ್ ಸಿಸ್ಟಂ ಬದಲಾಗಿತ್ತು ಅಷ್ಟೇ. ಹೀಗೆ ಬದಲಿಸಿದವರು ಪಠ್ಯದ ಇಂಡೆಕ್ಸುಗಳನ್ನು ಹೊಸದಾಗಿ ಕಟ್ಟಬೇಕಾಯಿತು. ಭಾಷೆಯ ನಿಯಮವೂ ನಿಂತ ನೀರಲ್ಲ. ಸ್ಪ್ಯಾನಿಷ್ ಅಕಾಡೆಮಿಗಳು 1994ರಲ್ಲಿ ತಮ್ಮ ಎರಡು ಜೋಡಿ ಅಕ್ಷರಗಳಿಗೆ ಅಕಾರಾದಿಯಲ್ಲಿದ್ದ ಪ್ರತ್ಯೇಕ ಸ್ಥಾನವನ್ನು ತೆಗೆದುಹಾಕಿದವು. ಅದಕ್ಕೇ ಆವೃತ್ತಿ ಬದಲಾದಾಗಲೆಲ್ಲ ಪರೀಕ್ಷೆ ಮತ್ತೆ ನಡೆಯಬೇಕು.

ಕೊನೆಗೆ, ನನಗೆ ತುಂಬ ಮುಖ್ಯವೆನಿಸುವ ಎರಡು ಮಾತು. ಒಂದು, ನಡೆಯದ ಪರೀಕ್ಷೆಯನ್ನು ಪಾಸು ಎಂದು ಓದಬೇಡಿ. ನಾನು ಹೇಳಿದ ಆ ಕಡತವೂ ಯೂನಿಕೋಡ್ ಇಲ್ಲದ ಅಥವಾ ಐಸಿಯು ಇಲ್ಲದ ಕಡೆ ಏನೂ ಮಾಡದೆ ಸುಮ್ಮನೆ ಹೊರಬರುತ್ತದೆ. ವರದಿಯಲ್ಲಿ ಕೆಂಪು ಕಾಣುವುದಿಲ್ಲ. ನಡೆಯಿತೋ ಇಲ್ಲವೋ ಎಂದು ಬೇರೆಯಾಗಿ ನೋಡಬೇಕು. ಎರಡು, ಇಂಥ ಪರೀಕ್ಷೆಗಳಲ್ಲಿ ‘ಬರಬೇಕಾದ ಉತ್ತರ’ ಎಂಬ ಕಡತ ಇರುತ್ತದೆ. ಯಂತ್ರ ಕೊಟ್ಟ ಉತ್ತರವನ್ನು ಅದರ ಜೊತೆ ಹೋಲಿಸುತ್ತಾರೆ. ಕೆಲಸದ ಆತುರದಲ್ಲಿ ಯಂತ್ರ ಮೊದಲ ಸಲ ಕೊಟ್ಟ ಉತ್ತರವನ್ನೇ ಆ ಕಡತಕ್ಕೆ ಪ್ರತಿ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ. ಆ ಕ್ಷಣದಲ್ಲಿ ಮಳೆ ಮಹಡಿಗಿಂತ ಮೊದಲು ಬಂದಿದ್ದರೆ ಅದೇ ಸರಿಯುತ್ತರವೆಂದು ದಾಖಲಾಗುತ್ತದೆ. ಮುಂದೆ ಯಾರಾದರೂ ಅದನ್ನು ತಿದ್ದಿದರೆ ಪರೀಕ್ಷೆ ಫೇಲ್ ಆಗಿ, ತಿದ್ದಿದವರದೇ ತಪ್ಪು ಎಂದಾಗುತ್ತದೆ. ಕನ್ನಡದ ಸರಿಯುತ್ತರವನ್ನು ಯಂತ್ರದಿಂದ ಪಡೆಯಬಾರದು, ಕನ್ನಡ ಬಲ್ಲವರು ಮೊದಲೇ ಬರೆದಿಡಬೇಕು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಕೇಳುತ್ತಿರುವವರಲ್ಲಿ ಶಿಕ್ಷಕರಿದ್ದೀರಿ, ಗ್ರಂಥಪಾಲಕರಿದ್ದೀರಿ, ಪಂಚಾಯಿತಿಯಲ್ಲಿ, ನಾಡಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡುವವರಿದ್ದೀರಿ. ಹೆಸರು ಇದ್ದೂ ಸಿಗದಿದ್ದಾಗ, ಪಟ್ಟಿಯಲ್ಲಿ ಊರು ತಪ್ಪು ಜಾಗದಲ್ಲಿ ಬಂದಾಗ ‘ಕಂಪ್ಯೂಟರು ಹಾಗೇ’ ಎಂದು ಬಿಟ್ಟುಬಿಡಬೇಡಿ. ಆ ಪದವನ್ನು, ಅದು ಎಲ್ಲಿ ಬರಬೇಕಿತ್ತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ನಿಮ್ಮ ಮನೆಯ ಅಥವಾ ಬೀದಿಯ ಸಾಫ್ಟ್‌ವೇರ್ ಹುಡುಗ ಹುಡುಗಿಯರ ಕೈಗೆ ಆ ಹಾಳೆ ಕೊಡಿ. ಪೋಸ್ಟ್‌ಗ್ರೆಸ್ ಆಗಲಿ, ಐಸಿಯು ಆಗಲಿ, ಸಿಎಲ್‌ಡಿಆರ್ ಆಗಲಿ ಹೊರಗಿನವರು ಕಳುಹಿಸಿದ ತಿದ್ದುಪಡಿಗಳನ್ನು ಸ್ವೀಕರಿಸುವ ಯೋಜನೆಗಳೇ. ಹತ್ತು ಪದಗಳ ಒಂದು ಕನ್ನಡ ಪರೀಕ್ಷೆ ಅಲ್ಲಿ ಸೇರಿದರೆ, ಮುಂದಿನ ಪ್ರತಿ ಆವೃತ್ತಿಯೂ ಹೊರಬರುವ ಮುನ್ನ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.